ಕಾರಿಗೆ ಕವರು, ಮಾದೇವಮ್ಮನಿಗೆ ಸೆರಗು

ಹೋದ ತಿಂಗಳು ಒಂದು ಬೆಳಿಗ್ಗೆ ಬಟ್ಟೆ ಒಣಗಿಹಾಕೋಣ ಅಂತ ತಾರಸಿಗೆ ಹೋದೆ. ಪಕ್ಕದ ಕಾಂಪೌಂಡಿನಲ್ಲಿ ಕೆಲಸದವರು ಕಾರಿಗೆ ಕವರ್ ಹಾಕುತ್ತಿದ್ದರು. ಎಷ್ಟು ಜೋಪಾನ ಅಂತೀರಿ! ಕನ್ನಡಿ ಮುಚ್ಚಿತೇ, ಚಕ್ರ ಮುಚ್ಚಿತೇ ಅಂತ ಬಗ್ಗಿ ಬಗ್ಗಿ ನೋಡಿ, ಕೆಳಗೆ ಹಗ್ಗ ಬಿಗಿದರು.

ಕಾರು ಭದ್ರವಾಯಿತು. ಆಮೇಲೆ ಸುತ್ತಿಗೆ ಬಿತ್ತು.

ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಹಳೇ ಮನೆಗಳ ಹಿತ್ತಿಲಿಗೊಂದು ಔಟ್‌ಹೌಸು, ಅದರ ಮೇಲೆ ಆಸ್ಬೆಸ್ಟಾಸ್ ಶೀಟು ಮಾಮೂಲು. ಪಕ್ಕದ ಮನೆಯ ರಮೇಶ್ ಅವರು (ಬ್ಯಾಂಕಿನಿಂದ ರಿಟೈರ್ ಆದವರು, ಸಭ್ಯರು, ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುವವರು) ಅದನ್ನು ಕೆಡವಿ ಪಿಜಿ ಕಟ್ಟಿಸುತ್ತಿದ್ದಾರೆ. ಕಟ್ಟಿಸಲಿ. ಆದರೆ ಮೇಲೆ ಇಬ್ಬರು ನಿಂತು ಶೀಟನ್ನು ಹಪ್ಪಳದ ಹಾಗೆ ಒಡೆಯುತ್ತಿದ್ದರು. ಕೆಳಗೆ ಒಬ್ಬ ಹೆಂಗಸು, ಮೂಗಿಗೆ ಸೆರಗು ಒತ್ತಿಕೊಂಡು, ಬೂದಿಯಂಥ ಪುಡಿಯನ್ನು ತೆಂಗಿನ ಪೊರಕೆಯಲ್ಲಿ ಗುಡಿಸಿ ಬಾಂಡ್ಲಿಗೆ ತುಂಬುತ್ತಿದ್ದಳು.

ನಾನು ಓಡಿದೆ. ಕೈಯಲ್ಲಿ ಒದ್ದೆ ಟವೆಲ್ ಹಾಗೇ ಇತ್ತು.

"ನಿಲ್ಲಿಸ್ರಪ್ಪಾ! ಆ ಧೂಳು ವಿಷ!"

ಮೇಸ್ತ್ರಿ ನಾಗರಾಜು ನಕ್ಕ. "ಏನೂ ಆಗಲ್ಲ ಬುಡಿ ಮೇಡಂ. ನಾವು ಹುಟ್ಟಿ ಬೆಳ್ದಿದ್ದೇ ಈ ಶೀಟಿನ ಕೆಳಗೆ."

ಕೂಡಲೇ ನಮ್ಮಣ್ಣನಿಗೆ ಫೋನ್ ಮಾಡಿದೆ. ಅವನು ಕಾರ್ಖಾನೆಯೊಂದರಲ್ಲಿ ಸೇಫ್ಟಿ ಆಫೀಸರು. ಕೇಳಿಸಿಕೊಂಡವನೇ ಕಿರುಚಿದ. "ಅಯ್ಯೋ, ಒಡೀತಿದಾರಾ? ಶೀಟು ತನ್ನಪಾಡಿಗೆ ಗಟ್ಟಿಯಾಗಿದ್ದರೆ ಅಷ್ಟು ತೊಂದರೆ ಇಲ್ಲ ಕಣೇ. ಒಡೆದಾಗ, ಕುಯ್ದಾಗ ಅದರ ಎಳೆ ಗಾಳಿಗೆ ಬರುತ್ತೆ. ಕಣ್ಣಿಗೆ ಕಾಣಲ್ಲ. ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕೂರುತ್ತೆ. ಕ್ಯಾನ್ಸರ್ ಬರಬಹುದು. ನೀರು ಹಾಕಿ ನೆನೆಸಬೇಕು, ಬೋಲ್ಟ್ ಬಿಚ್ಚಿ ಇಡೀ ಶೀಟನ್ನೇ ಇಳಿಸಬೇಕು, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಸೀಲ್ ಮಾಡಬೇಕು. ಅದಕ್ಕೇ ಅಂತ ತರಬೇತಿ ಆದವರಿದಾರೆ. ಕರ್ಚೀಫು, ಸೆರಗು ಯಾವುದೂ ತಡೆಯಲ್ಲ. ನೀನು ಮೊದಲು ಆಚೆ ಬಾ!"

ಆಚೆ ಬರುವುದು ಹೇಗೆ? ಆ ಹೆಂಗಸು ಒಳಗೇ ಇದ್ದಳಲ್ಲ!

ಅವಳನ್ನು ಗೇಟಿನ ಹತ್ತಿರ ಕರೆದೆ. ಹೆಸರು ಮಾದೇವಮ್ಮ, ಊರಂಚಿನ ಕೆಸರೆಯವಳು. ಗೋಡೆಗೆ ಒರಗಿಸಿದ್ದ ಅರ್ಧ ಶೀಟನ್ನು ತೋರಿಸಿ, ಅದನ್ನು ಸಂಜೆ ಮನೆಗೆ ಒಯ್ಯುತ್ತೇನೆ ಅಂದಳು. ಬಚ್ಚಲಿಗೆ ಮರೆ ಮಾಡೋದಕ್ಕೆ. ಬೇಡ ಕಣಮ್ಮ, ಅದು ಒಡೆದಿದೆ, ಕಾಯಿಲೆ ಬರುತ್ತೆ ಅಂದೆ.

ಅವಳಿಗೆ ಸಿಟ್ಟು ಬಂತು. "ಬ್ಯಾಡ ಅನ್ನಕ್ಕೆ ನಿಮಗೇನಕ್ಕಾ, ಅಂತೀರ. ನಮ್ಮನೆ ಮ್ಯಾಲೂ ಇದೇ ಅದೆ, ಬಿರುಕು ಬುಟ್ಟದೆ. ಅದನ್ನ ಇಳ್ಸಕ್ಕೆ ಯಾರ್ ಬತ್ತಾರೆ? ಅದನ್ನೇಳಿ ಮೊದ್ಲು."

ನನಗೂ ಸಿಟ್ಟು ಬಂದಿತ್ತು. ಅದನ್ನು ರಮೇಶ್ ಅವರ ಮೇಲೆ ತೀರಿಸಿಕೊಳ್ಳೋಣ ಅಂತ ಬೆಲ್ ಒತ್ತಿದೆ. ಮನೆಗೆ ಬೀಗ. ಫೋನ್ ಮಾಡಿದರೆ, ಗಂಡ ಹೆಂಡತಿ ಲಕ್ಷ್ಮೀಪುರಂನಲ್ಲಿ ನಾದಿನಿ ಮನೆಯಲ್ಲಿದ್ದಾರಂತೆ.

"ಧೂಳು ಆಗಲ್ಲ ಕಣ್ರೀ ನಮಗೆ," ಅಂದರು.

"ಅದು ಬರೀ ಧೂಳಲ್ಲ ಸಾರ್, ಆಸ್ಬೆಸ್ಟಾಸು."

"ಗೊತ್ತು, ಗೊತ್ತು. ನಾನೂ ವಿಚಾರಿಸಿದೆ. ಅದಕ್ಕೆಲ್ಲ ಬೆಂಗಳೂರಿಂದ ಸ್ಪೆಷಲ್ ಜನ ಬರಬೇಕಂತೆ, ಸೂಟು ಗೀಟು ಎಲ್ಲ ಹಾಕ್ಕೊಂಡು. ಒಂದು ಔಟ್‌ಹೌಸಿಗೆ ಅಷ್ಟೆಲ್ಲ ಮಾಡಕ್ಕಾಗುತ್ತಾ?"

ಗೊತ್ತಿತ್ತು! ಗೊತ್ತಿದ್ದೇ ಮನೆ ಬಿಟ್ಟು ಹೋಗಿದ್ದರು. ಗೊತ್ತಿಲ್ಲದವರನ್ನು ಕ್ಷಮಿಸಬಹುದು. ವಿಚಾರಿಸಿ, ತಿಳಿದುಕೊಂಡು, ಕಾರಿಗೆ ಕವರ್ ಹಾಕಿಸಿ, ಮಾದೇವಮ್ಮನ ಕೈಗೆ ಪೊರಕೆ ಕೊಟ್ಟು ಹೋದವರನ್ನು ಏನಂತ ಕರೆಯೋಣ?

ನಾನು ಗೇಟಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಕೆಲಸ ನಿಲ್ಲುವ ತನಕ ಏಳಲ್ಲ ಅಂದೆ. ಅಕ್ಕಪಕ್ಕದವರು ಬಂದರು. ಕೆಲವರು ನನ್ನ ಪರ, ಕೆಲವರು "ಯಾಕ್ರೀ ನಿಮಗೆ ಊರ ಉಸಾಬರಿ" ಅನ್ನುವ ಪರ. ಎದುರುಮನೆಯವರು ಮಾತ್ರ ಒಳಗೆ ಹೋಗಿ ಕಿಟಕಿಗಳನ್ನೆಲ್ಲ ಮುಚ್ಚಿ ಬಂದು, ನನ್ನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಕೊನೆಗೆ ರಮೇಶ್ ಅವರೇ ಫೋನ್ ಮಾಡಿದರು. "ನೀವು ಪೇಪರಿನಲ್ಲಿ ಬರೀತೀರ ಅಂತ ಹೀಗೆ ಹೆದರಿಸಬಾರದು."

"ಹೆದರಿಸ್ತಿಲ್ಲ ಸಾರ್. ಬರೀತೀನಿ."

ಕೆಲಸ ನಿಂತಿತು. ಕೆಲವು ದಿನಗಳ ಮೇಲೆ ರಮೇಶ್ ಅವರು ಕರೆಸಿದ ಬೆಂಗಳೂರಿನ ಜನ ಬಂದರು. ಮೈತುಂಬ ಬಿಳಿ ಸೂಟು, ಮುಖಕ್ಕೆ ದೊಡ್ಡ ಮಾಸ್ಕು. ಜಾಗದ ಸುತ್ತ ಟೇಪ್ ಕಟ್ಟಿದರು, ನೀರು ಸಿಂಪಡಿಸಿದರು. ಒಂದೊಂದೇ ಶೀಟನ್ನು ಮಗುವನ್ನು ಇಳಿಸಿಕೊಂಡ ಹಾಗೆ ಇಳಿಸಿ, ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅಪಾಯ ಅಂತ ಚೀಟಿ ಅಂಟಿಸಿ, ಲಾರಿಗೇರಿಸಿದರು. ಬೀದಿಯವರೆಲ್ಲ ಮೊಬೈಲ್ ಹಿಡಿದು ವಿಡಿಯೋ ಮಾಡಿದ್ದೇ ಮಾಡಿದ್ದು. ಗೆದ್ದೆ ಅಂತ ನನಗೂ ಒಂದು ಗಳಿಗೆ ಅನ್ನಿಸಿತು.

ಆದರೆ ಅವರು ಇಳಿಸಿದ್ದು ಉಳಿದರ್ಧ ಮಾತ್ರ. ಒಡೆದ ಅರ್ಧ ಅವತ್ತೇ, ನಾನು ಕುರ್ಚಿ ಬಿಟ್ಟೆದ್ದ ಮೇಲೆ, ಟೆಂಪೋದಲ್ಲಿ ಹೋಗಿತ್ತು. ಎಲ್ಲಿಗೆ ಅಂತ ನಾಗರಾಜುವನ್ನು ಕೇಳಿದರೆ, "ರಿಂಗ್ ರೋಡ್ ಕಡೆ ಎಲ್ಲೋ ಸುರಿದ್ರು ಮೇಡಂ." ಮಾದೇವಮ್ಮನಿಗೆ ಅಷ್ಟೂ ದಿನ ಕೆಲಸವಿಲ್ಲ. ಬಚ್ಚಲ ಮರೆಗೆ ಅಂದಿದ್ದ ಆ ತುಂಡನ್ನು ಅವಳು ಒಯ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಗೋಡೆಯ ಹತ್ತಿರವಂತೂ ಅದು ಇರಲಿಲ್ಲ.

ಎಷ್ಟೋ ದೇಶಗಳು ಈ ಶೀಟನ್ನೇ ನಿಷೇಧಿಸಿವೆ. ನಮ್ಮಲ್ಲಿ ಇವತ್ತಿಗೂ ಅಂಗಡಿಯಲ್ಲಿ ಹೊಸದು ಸಿಗುತ್ತದೆ. ಮಾರುವವರಿದ್ದಾರೆ, ಹೊದಿಸುವವರಿದ್ದಾರೆ. ಇಳಿಸುವವರನ್ನು ಮಾತ್ರ ದುಡ್ಡಿದ್ದವರು ಬೆಂಗಳೂರಿಂದ ಕರೆಸಬೇಕು. ಕೆಸರೆಗೆ ಯಾರು ಕರೆಸುತ್ತಾರೆ?

ಸಂಬಂಧಪಟ್ಟ ಆಫೀಸು ಯಾವುದು ಅಂತ ಹುಡುಕಿ, ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಫೋನ್ ತಿರುಗಿ, ಕೊನೆಗೊಬ್ಬ ಅಧಿಕಾರಿ ಸಿಕ್ಕರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಹಳ ವಿನಯದಿಂದ ಹೇಳಿದರು: "ಯಾರಿಗಾದ್ರೂ ಏನಾದ್ರೂ ತೊಂದರೆ ಆಗಿದ್ಯಾ ಮೇಡಂ? ಆದಾಗ ಕಂಪ್ಲೇಂಟ್ ಕೊಡಿ, ನೋಡೋಣ."

ಈ ಕಾಯಿಲೆ ಕಾಣಿಸಿಕೊಳ್ಳಲು ದಶಕಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಅವರೇ ಕೂತಿರುತ್ತಾರೆಯೇ?