ಸೂತಕದ ಮಗ್ಗದ ಸದ್ದು

ಅಮೆರಿಕದ ಸಂಗೀತ ರಚನೆಕಾರರೊಬ್ಬರ ಸಿ.ಡಿ.ಯೊಂದು ನನ್ನ ಕಪಾಟಿನಲ್ಲಿದೆ. ಇಲ್ಲಿಂದ ಮರಳಿದಮೇಲೆ ಅವರು ಬರೆದದ್ದು, ಅವರ ದೇಶದಲ್ಲಿ ಅದಕ್ಕೆ ಒಳ್ಳೆಯ ಹೆಸರು ಬಂತಂತೆ. ನಾನು ಒಮ್ಮೆಯೂ ಪೂರ್ತಿ ಕೇಳಿಲ್ಲ, ಕೇಳುವ ಧೈರ್ಯವೂ ಇಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದೆ. ಇಂಗ್ಲಿಷ್ ಮೇಷ್ಟ್ರು ಎಂದಮೇಲೆ ಊರಿಗೆ ಬಂದ ಬಿಳಿಯರೆಲ್ಲ ನನ್ನ ಕೊರಳಿಗೇ. ಈ ರಚನೆಕಾರರು ಊರೂರಿನ ಸದ್ದುಗಳನ್ನು ಟೇಪ್ ಮಾಡಿಕೊಳ್ಳಲು ಬಂದಿದ್ದರು. ಹತ್ತಿರದ ವರವು ಕಾವಲಿನ ಹುಲ್ಲುಗಾವಲಲ್ಲಿ ಗಾಳಿಯ ಸದ್ದು ಹಿಡಿಯುತ್ತೇನೆಂದು ಒಂದು ಬೆಳಗ್ಗೆಯೆಲ್ಲ ನನ್ನನ್ನು ಬಿಸಿಲಿಗೆ ಕೂರಿಸಿದ್ದರು. ನನಗೆ ಸಿಟ್ಟು ಬಂದಿತ್ತು. ಆದರೂ ಮೊಳಕಾಲ್ಮುರಿನ ನಮ್ಮ ಸೋದರಮಾವನ ರೇಷ್ಮೆ ಮಗ್ಗ ತೋರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಮಾವ ತೀರಿಕೊಂಡರು. ನಾನು ತಿಥಿಗೆ ಹೊರಟಾಗ ರಚನೆಕಾರರು, "ನಾನೂ ಬಂದು ಕೈಮುಗಿದು ಹೋಗುತ್ತೇನೆ" ಎಂದರು. ಬೇಡ ಎನ್ನಲಾಗಲಿಲ್ಲ.

ಬಸ್ಸಿನಲ್ಲಿ ತಮ್ಮ ಕಥೆ ಹೇಳಿದರು. ಅಪ್ಪ ಪಿಯಾನೊ ರಿಪೇರಿ ಮಾಡುತ್ತಿದ್ದರಂತೆ. ಬಿಚ್ಚಿಟ್ಟ ಪಿಯಾನೊಗಳ ನಡುವೆಯೇ ಇವರು ಬೆಳೆದದ್ದು. ದೊಡ್ಡ ಊರಿನಲ್ಲಿ ಸಂಗೀತ ಓದಿ, ಹೊಟ್ಟೆಪಾಡಿಗೆ ಟ್ಯಾಕ್ಸಿ ಓಡಿಸಿದರು. ಮೊದಲ ಕೃತಿ ನುಡಿಸಿದಾಗ ಜನ ಅರ್ಧಕ್ಕೇ ಎದ್ದು ಹೋದರು. ಆಮೇಲೆ ಪ್ರಶಸ್ತಿ, ಪ್ರೊಫೆಸರ್ ಕೆಲಸ, ಎಲ್ಲವೂ ಬಂತು. ಅವರು ಬರೆದದ್ದನ್ನು ಮೊದಲು ನುಡಿಸುತ್ತಿದ್ದವರು ಹೆಂಡತಿ. ಆಕೆ ತೀರಿಕೊಂಡಮೇಲೆ ಒಂದು ಸ್ವರವನ್ನೂ ಬರೆದಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಫೋನಿಗೆ ಉತ್ತರಿಸುವ ಯಂತ್ರದಲ್ಲಿ ಆಕೆಯ ಧ್ವನಿ ಉಳಿದಿತ್ತಂತೆ. ಒಂದು ದಿನ ಇವರೇ ಯಾವುದೋ ಗುಂಡಿ ಒತ್ತಿದ್ದರಿಂದ ಅದೂ ಅಳಿಸಿಹೋಯಿತು. ಇದನ್ನು ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ನನ್ನ ಸಿಟ್ಟು ಇಳಿಯಿತು.

ಮಾವ, ಅತ್ತೆ ಇದ್ದ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ನೇಯುವವರು ತೀರಿಕೊಂಡರೆ ಇಡೀ ಬೀದಿಯ ಮಗ್ಗಗಳು ತಿಥಿಯವರೆಗೆ ಸುಮ್ಮನಿರುತ್ತಿದ್ದವು. ಅರ್ಧಕ್ಕೆ ನಿಂತ ಸೀರೆಯನ್ನು ಬೇರೆಯವರು ಮುಂದುವರಿಸುವಂತಿರಲಿಲ್ಲ. ತಿಥಿಯ ದಿನ ಹೆಂಡತಿಯೇ ಅದನ್ನು ಕತ್ತರಿಸಬೇಕು. ಆಮೇಲೆಯೇ ಉಳಿದವರು ಕೆಲಸಕ್ಕೆ ಕೂರುವುದು. ಸದಾ ಟಕಟಕ ಎನ್ನುವ ಆ ಬೀದಿ ಅಂದು ಎಷ್ಟು ಮೌನವಾಗಿತ್ತೆಂದರೆ ನಾವು ಮೆಲ್ಲಗೆ ಕಾಲಿಡುತ್ತಾ ನಡೆದೆವು.

ಮಗ್ಗದ ಕೋಣೆಯ ಬಾಗಿಲಲ್ಲಿ ಅವರು ನಿಂತುಬಿಟ್ಟರು. "ಈ ಖಾಲಿ ಕೋಣೆಯ ಮೌನವನ್ನು ಟೇಪ್ ಮಾಡಿಕೊಳ್ಳಲೇ, ಅವರನ್ನು ಕೇಳಿ" ಎಂದರು. ಅತ್ತೆಯನ್ನು ಕೇಳಿದೆ.

"ಸುಮ್ಕಿರೋದನ್ನ ಏನಂತ ಹಿಡೀತಾರಪ್ಪ? ಹಿಡ್ಕಳ್ಳಿ ಬಿಡು" ಎಂದಳು ಅತ್ತೆ.

ಅದು ಗುಂಡಿ ಮಗ್ಗ. ನೇಯುವವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಮಾವ ಕಾಲಿಡುತ್ತಿದ್ದ ಆ ಗುಂಡಿಯೊಳಗೆ ಮೈಕ್ ಇಳಿಸಿ ಹೊಸ ಟೇಪು ಹಾಕಿದರು. ನಾವೆಲ್ಲ ಹೊರಗೆ ಕೂತೆವು. ಮರಳಿ ಹೋಗಿ ಹೆಡ್‌ಫೋನ್ ಹಾಕಿಕೊಂಡವರು ಅದನ್ನು ಕಿತ್ತು ಸುತ್ತ ನೋಡಿದರು, ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಕಿವಿಗಿಟ್ಟರು.

ಟೇಪಿನಲ್ಲಿ ಮಗ್ಗ ನಡೆಯುತ್ತಿತ್ತು. ಬಹಳ ಆಳದಿಂದ ಒಂದು ಏಟು, ತುಸು ತಡವಾಗಿ ಇನ್ನೊಂದು, ಆಮೇಲೊಂದು ಬಿಡುವು. ಮಾವನ ಬಲಗಾಲು ಎಳೆಯುತ್ತಿದ್ದುದರಿಂದ ಎರಡನೆಯ ಏಟು ಸದಾ ತಡವಾಗುತ್ತಿತ್ತು. ಬಿಡುವು ಅತ್ತೆಯದು, ಪಕ್ಕದಲ್ಲಿ ಕೂತು ಅಂಚಿನ ನೂಲಿನ ಲಾಳಿಯನ್ನು ಅವಳು ದಾಟಿಸುವವರೆಗೆ ಮಾವ ಕಾಯುತ್ತಿದ್ದರು. ದೂರದ ಬೇರೆ ಬೀದಿಯ ಮಗ್ಗದ ಸದ್ದು ನೆಲದೊಳಗಿಂದ ಬಂದಿರಬೇಕು ಎಂದು ಆಗಲೂ ಅಂದುಕೊಂಡೆ, ಈಗಲೂ ಅಂದುಕೊಳ್ಳುತ್ತೇನೆ. ಆದರೆ ಹಾಡಹಗಲಲ್ಲೂ ಆ ಗುಂಡಿಯೊಳಗೆ ಇಣುಕಿ ನೋಡಿದೆ, ಸುಳ್ಳು ಯಾಕೆ ಹೇಳಲಿ.

ಅತ್ತೆ ಬಂದು ಹೆಡ್‌ಫೋನ್ ಕಿತ್ತುಕೊಂಡಳು. ಕಣ್ಣು ಮುಚ್ಚಿ ಕೇಳಿದಳು.

"ಅವ್ರೇ" ಎಂದಳು. "ಇನ್ನೂ ನೇಯ್ತಾ ಅವ್ರೆ. ನಾನು ಹೆಂಗೆ ಕತ್ತರಿಸ್ಲಿ?"

ಪಡಸಾಲೆಯಲ್ಲಿ ಬೀದಿಯ ಹಿರಿಯರು ಕಾಯುತ್ತಿದ್ದರು. ಅವಳು ಕತ್ತರಿಸದಿದ್ದರೆ ಅಷ್ಟೂ ಮನೆಗಳ ಕೆಲಸ ನಿಲ್ಲುತ್ತಿತ್ತು. ಅವರಲ್ಲೊಬ್ಬರು ಒಳಗೆ ಇಣುಕಿ, "ಹೊತ್ತಾಗ್ತೈತೆ ಕಣಮ್ಮ" ಎಂದರು. ಅತ್ತೆ ಕತ್ತರಿಯನ್ನು ಸೀರೆಯವರೆಗೆ ತಂದು ಮತ್ತೆ ಕೆಳಗಿಟ್ಟಳು. ಕೊನೆಗೆ, "ಆ ಸಾರ್‌ಗೆ ಹೇಳು, ಅದನ್ನ ಅಳಿಸ್ಲಿ. ಅದು ಇರೋ ತನಕ ನನ್ ಕೈ ಬರಲ್ಲ" ಎಂದಳು.

ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಟೇಪ್ ರೆಕಾರ್ಡರನ್ನು ಎದೆಗೆ ಅವುಚಿಕೊಂಡರು. ಇಷ್ಟು ವರ್ಷಗಳ ಮೇಲೆ ಬರೆಯಬೇಕೆನ್ನಿಸುವಂಥದ್ದೊಂದು ಕೈಗೆ ಸಿಕ್ಕಿತ್ತಲ್ಲ. ಆದರೆ ಅವರು ತಮ್ಮ ಸಂಗೀತದ ಮಾತೆತ್ತಲಿಲ್ಲ. "ಅಳಿಸಿದರೆ ಮತ್ತೆ ಬರುವುದಿಲ್ಲ. ನಾನು ಅನುಭವಿಸಿದವನು. ಇವತ್ತೊಂದು ದಿನ ತಡೆಯಲಿ ಎನ್ನಿ" ಎಂದರು. ಒಂದಕ್ಷರ ಬಿಡದೆ ಹೇಳಿದೆ.

"ಅಳಿಸ್ರಿ ಸಾರ್" ಎಂದಳು ಅತ್ತೆ, ಅವರ ಕಡೆಗೇ ನೋಡಿ.

ಟೇಪು ಅಳಿಸುವುದೆಂದರೆ ಅದರ ಮೇಲೆ ಇನ್ನೊಂದನ್ನು ತುಂಬುವುದು. ಮೈಕನ್ನು ಗುಂಡಿಯಿಂದ ಎತ್ತಿ ಚಾಪೆಯ ಮೇಲಿಟ್ಟರು. ಟೇಪು ತಿರುಗಿ ಮುಗಿಯುವವರೆಗೂ ನಾವು ಮೂವರು ಸದ್ದು ಮಾಡದೆ ಕೂತೆವು. ಆಮೇಲೆ ನಾನೇ ಕೇಳಿ ನೋಡಿದೆ, ಏನೂ ಇರಲಿಲ್ಲ. ಅತ್ತೆ ಮಗ್ಗಕ್ಕೆ ಕೈಮುಗಿದು ಸೀರೆಯನ್ನು ಕತ್ತರಿಸಿದಳು.

ಊಟ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಮಗ್ಗ ಶುರುವಾಯಿತು. ಆಮೇಲೆ ಎದುರು ಮನೆಯದು, ನೋಡುತ್ತಿದ್ದಂತೆ ಇಡೀ ಬೀದಿಯದು. ನಾವು ಬಸ್ಸಿಗೆಂದು ಜಗುಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಹೊರಬಂದಳು.

"ಅದನ್ನ ಇನ್ನೊಂದ್ಸಲ ಹಾಕ್ರಿ ಸಾರ್."

ಅವರಿಗೆ ಹೇಳಿದೆ. ಅವರು ಒಮ್ಮೆ ನನ್ನತ್ತ ನೋಡಿ, ಹೆಡ್‌ಫೋನನ್ನು ಅವಳ ಕಿವಿಗಿಟ್ಟು ಟೇಪು ಹಾಕಿದರು. ಅತ್ತೆ ತಲೆ ಬಗ್ಗಿಸಿ ಕೇಳಿದಳು. ಟೇಪು ಮುಗಿಯಿತು. ಮತ್ತೆ ಹಾಕಿ ಎಂದು ಸನ್ನೆ ಮಾಡಿದಳು, ಮತ್ತೆ ಹಾಕಿದರು.

"ಎಲ್ಲೈತೆ?" ಎಂದಳು ನನ್ನ ಕಡೆ ತಿರುಗಿ.

"ಅಳಿಸು ಅಂದಿದ್ದು ನೀನೇ ಅಲ್ವಾ ಅತ್ತೆ."

"ಸೀರೆ ಕತ್ತರಿಸ್ಬೇಕಿತ್ತಲ್ಲ, ಅದ್ಕಂದೆ ಕಣಪ್ಪ" ಎಂದಳು. "ಅವ್ರನ್ನ ಕಳಿಸ್ಬಿಡ್ರಿ ಅಂದ್ನಾ ನಾನು?"

ಆ ಮಾತನ್ನು ಇಂಗ್ಲಿಷಿಗೆ ತರಲು ನನ್ನಿಂದಾಗಲಿಲ್ಲ. ಅವರು ಚಪ್ಪಲಿ ಬಿಟ್ಟು, ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಆ ಖಾಲಿ ಟೇಪನ್ನು ಮತ್ತೆ ಮೊದಲಿಗೆ ಸುತ್ತತೊಡಗಿದರು.