ದೊಡ್ಡವ್ವ ಕೊಟ್ಟ ಪಾಳಿ

ನಮ್ಮ ದೊಡ್ಡವ್ವನ ಬಲಗಾಲಿನ ಹಿಮ್ಮಡಿ ಸಲಿಕೆಯ ಹಾಗೆ ಅಗಲವಾಗಿತ್ತು. ಬದನೆಯ ಮಡಿಗೆ ನೀರು ತಿರುಗಿಸಲು ಅವಳು ಸಲಿಕೆ ಹಿಡಿದದ್ದನ್ನು ನಾನು ಕಂಡಿಲ್ಲ. ಇಲಕಲ್ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹೆಬ್ಬೆರಳಿನಿಂದ ಒಡ್ಡಿನ ಮಣ್ಣು ಸರಿಸಿ ನೀರು ಬಿಡುತ್ತಿದ್ದಳು. ಮಡಿ ತುಂಬಿದ ಕೂಡಲೇ ಹಿಮ್ಮಡಿಯಿಂದ ಒತ್ತಿ ಬಾಯಿ ಮುಚ್ಚುತ್ತಿದ್ದಳು. ಕಾಲುಂಗುರದ ಸಂದಿನ ಎರೆಮಣ್ಣು ಹಬ್ಬದ ದಿನವೂ ಹೋಗುತ್ತಿರಲಿಲ್ಲ. "ಕಾಲು ತೊಳಕೊಂಡ್ ಒಳಗ ಬಾರವಾ" ಎಂದು ನಮ್ಮವ್ವ ಅಂದರೆ, "ಇಡೀ ಹೊತ್ತು ನೀರಾಗ ನಿಂತೇನಿ, ಇನ್ನೇನ್ ತೊಳೀಲಿ?" ಎನ್ನುತ್ತಿದ್ದಳು.

ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಮನೋಳಿಯ ಕೆಳಗೆ, ಮಲಪ್ರಭೆಯ ದಂಡೆಗೆ ಅವಳದೊಂದು ಪುಟ್ಟ ತೋಟವಿತ್ತು. ಬದನೆ, ಮೆಂತ್ಯೆ, ಹಕ್ಕರಕಿ ಸೊಪ್ಪು, ಮೂಲಂಗಿ. ಓಣಿಯ ನಾಲ್ಕಾರು ಹೆಣ್ಣುಮಕ್ಕಳು ವರ್ಷವಿಡೀ ಅಲ್ಲಿ ಕಳೆ ತೆಗೆದು, ಸಂತೆಗೆ ಬುಟ್ಟಿ ಹೊತ್ತು ಬದುಕುತ್ತಿದ್ದರು. ಹೊಳೆಗೆ ಹಚ್ಚಿದ ಮೋಟರು ಮಾತ್ರ ಒಂದೇ, ಏಳೆಂಟು ಮನೆಗಳಿಗೆ ಸೇರಿದ್ದು. ಪಾಳಿಯಂತೆ ಒಬ್ಬೊಬ್ಬರ ಹೊಲಕ್ಕೆ ನೀರು ಹೋಗುತ್ತಿತ್ತು.

ಈ ಪಾಳಿಯಲ್ಲಿ ನಮ್ಮೂರಿನದೇ ಒಂದು ರೀತಿ ಇತ್ತು. ಯಾರದಾದರೂ ಬೆಳೆ ಹೂವಿಗೆ ಬಂದು ಬಾಡುತ್ತಿದ್ದರೆ, ಮನೆಯಲ್ಲಿ ಸಾವುನೋವಾಗಿ ಪಾಳಿ ತಪ್ಪಿದ್ದರೆ, ಅವರು ಇನ್ನೊಬ್ಬರ ಪಾಳಿ ಕೇಳಬಹುದಿತ್ತು. ಕೇಳಿದವರಿಗೆ ಇಲ್ಲ ಅನ್ನುವಂತಿರಲಿಲ್ಲ. ಪಡೆದವರು ಕೊಟ್ಟವರ ಮನೆಗೆ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ ಒಯ್ದು ಕೊಡುತ್ತಿದ್ದರು. ಹೊಳೆ ತುಂಬಿ ಬಂದ ವರ್ಷ ಆ ಪಾಳಿ ಕೊಟ್ಟವರಿಗೆ ಮರಳುತ್ತಿತ್ತು.

ಪಕ್ಕದ ಹೊಲದವನೊಬ್ಬ ಬದುವಿನ ಜಗಳ ತೆಗೆದು ದೊಡ್ಡವ್ವನ ಜೊತೆ ಮಾತು ಬಿಟ್ಟಿದ್ದ. ಅವನ ಮೆಣಸಿನಗಿಡ ಹೂವು ಉದುರಿಸತೊಡಗಿದಾಗ, ಕೇಳಲು ಮುಖವಿಲ್ಲದೆ ಹೆಂಡತಿಯನ್ನು ಕಳಿಸಿದ. ದೊಡ್ಡವ್ವ ಆಕೆಗೆ ಚಹಾ ಕುಡಿಸಿ, ತಾನೇ ಹೋಗಿ ನೀರನ್ನು ಆ ಕಡೆ ತಿರುಗಿಸಿ ಬಂದಳು. ನಾನು ಹಲ್ಲು ಕಡಿದೆ. "ಜಗಳ ಅವಂದು ನಂದು. ಮೆಣಸಿನಗಿಡ ಏನ್ ಮಾಡೇತಿ ಪಾಪ?" ಅಂದಳು.

ನೀರು ಮರುಖರೀದಿ ಎಂಬ ಯೋಜನೆ ಬಂದದ್ದು ಇಂಥವಳ ಬಾಗಿಲಿಗೆ. ಹೊಳೆ ಬತ್ತಿದ್ದ ವರ್ಷ ಅಧಿಕಾರಿಗಳು ಗುಡಿಯ ಕಟ್ಟೆಯ ಮೇಲೆ ಸಭೆ ಕರೆದರು. ಹೊಳೆಯಿಂದ ನೀರೆತ್ತುವ ಹಕ್ಕನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರೆ ಪರಿಹಾರ ಸಿಗುತ್ತದೆ, ಆ ನೀರು ಪಟ್ಟಣದವರಿಗೆ ಕುಡಿಯಲು ಹೋಗುತ್ತದೆ ಎಂದರು. ಬೋರು ಇದ್ದವರು ಮುನ್ನುಗ್ಗಿ ಸಹಿ ಹಾಕಿದರು, ಹೊಳೆಯಿಂದ ದೂರದ ಹೊಲದಲ್ಲಿ ಬೋರು ಕೊರೆಸಿದ್ದ ನಮ್ಮಣ್ಣನೂ ಅವರಲ್ಲೊಬ್ಬ. ಬೋರಿಲ್ಲದವರು ದೊಡ್ಡವ್ವನ ಮುಖ ನೋಡಿದರು. ಅವಳು ಎದ್ದು ನಿಂತಳು.

"ಕುಡ್ಯಾಕ ನೀರು ಅಂತ ಕೇಳಿದ ಮ್ಯಾಲ ಒಲ್ಲೆ ಅನ್ನಾಕ ಬರೂದಿಲ್ರಿ ಸಾಹೇಬ್ರ. ಆದ್ರ ಹೊಳಿ ತುಂಬಿ ಬಂದಾಗ ನಮ್ಮ ಪಾಳಿ ನಮಗ ಹೊಳ್ಳಿ ಕೊಡ್ತೀರಿಲ್ಲೊ?"

ಸಾಹೇಬರು ನಕ್ಕರು. "ಹೊಳಿ ಎಲ್ಲಿ ಹೋಗತೈತ್ರಿ ಅಮ್ಮಾರ, ಇಲ್ಲೇ ಇರತೈತಲ್ಲ."

ದೊಡ್ಡವ್ವನಿಗೆ ಅಷ್ಟು ಸಾಕಾಯಿತು. ನಾನು ಅಡ್ಡಬಾಯಿ ಹಾಕಿದ್ದಕ್ಕೆ, "ಸುಮ್ಕಿರು, ಅಷ್ಟ್ ದೊಡ್ಡ ಮನಶ್ಯಾ ಸುಳ್ಳ ಯಾಕ ಹೇಳ್ತಾನ?" ಎಂದು ನನ್ನನ್ನೇ ಗದರಿಸಿದಳು. ಅವಳು ಒಪ್ಪಿದಳೆಂದು ಉಳಿದವರೂ ಒಪ್ಪಿದರು.

ಮೋಟರು ಕಿತ್ತರು, ತಂತಿ ಇಳಿಸಿದರು. ಮುಂದಿನ ವರ್ಷ ಮಳೆ ಹಿಡಿದು ಹೊಳೆ ದಂಡೆ ಮೀರಿ ಬಂತು. ದೊಡ್ಡವ್ವ ಮಡಿಚಿಟ್ಟ ಒಳ್ಳೆಯ ಸೀರೆ ಉಟ್ಟು, ನನ್ನನ್ನು ಕರೆದುಕೊಂಡು ಕಚೇರಿಗೆ ನಡೆದಳು. ಅಲ್ಲಿ ಕುಳಿತಿದ್ದ ಸಾಹೇಬ ಬೇರೆಯವನು.

"ಮಾರಿದ್ದನ್ನ ಹೊಳ್ಳಿ ಕೇಳಾಕ ಬಂದೀರೇನ್ರಿ?" ಎಂದ.

"ಮಾರಿಲ್ರಿ, ಕೊಟ್ಟೇನಿ" ಎಂದಳು ದೊಡ್ಡವ್ವ.

"ರೊಕ್ಕಾ ತಗೊಂಡೀರಲ್ರಿ?"

"ನೀವು ಕೊಟ್ರಿ, ತಗೊಂಡೆ. ಪಾಳಿ ಇಸಗೊಂಡವ್ರು ಖಣಾ ಕೊಡತಾರ, ಅದನ್ನ ಒಲ್ಲೆ ಅನಬಾರದು. ಅಷ್ಟಕ್ಕ ಹೊಳಿ ನಿಮ್ಮದಾತೇನು?"

ಅವನಿಗೆ ಏನೂ ಅರ್ಥವಾಗಲಿಲ್ಲ. ಅವನನ್ನು ಬೈದು ಏನು ಬಂತು? ಈ ಯೋಜನೆ ಬರೆದವರಲ್ಲಿ ಒಬ್ಬರಾದರೂ ನಮ್ಮೂರಿಗೆ ಬಂದು ಪಾಳಿ ಎಂದರೇನು ಎಂದು ಕೇಳಿದ್ದರೆ ಇಷ್ಟಾಗುತ್ತಿರಲಿಲ್ಲ. ಭೂಮಿ ಇದ್ದವರಿಗೆ ಪರಿಹಾರವಾದರೂ ಬಂತು, ಕಳೆ ತೆಗೆಯುವವರಿಗೆ ಅದೂ ಇಲ್ಲ. ಆ ಹೆಣ್ಣುಮಕ್ಕಳು ಈಗ ನಸುಕಿನಲ್ಲೆದ್ದು ಟೆಂಪೋ ಹತ್ತಿ ಬೈಲಹೊಂಗಲದ ಕಡೆ ಕೂಲಿಗೆ ಹೋಗುತ್ತಾರೆ. ಹೊಳೆದಂಡೆಯ ಊರಿಗೆ ಬೆಳಗಾವಿಯಿಂದ ಮೆಂತ್ಯೆ ಬರುತ್ತದೆ, ಅದೂ ಬಾಡಿದ್ದು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ದೊಡ್ಡವ್ವ ಆಮೇಲೆ ಯಾರೊಂದಿಗೂ ಆ ಮಾತೆತ್ತಲಿಲ್ಲ. ದಿನಾ ತೋಟಕ್ಕೆ ಹೋಗಿ, ಒಣ ಮಡಿಗಳ ನಡುವೆ ಸುಮ್ಮನೆ ಕುಳಿತು ಬರುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ನನ್ನನ್ನೂ ಅಣ್ಣನನ್ನೂ ಹತ್ತಿರ ಕರೆದಳು.

"ಯಪ್ಪಾ, ಇನ್ನ ಮ್ಯಾಲ ಯಾರರ ನೀರು ಕೇಳಾಕ ಬಂದ್ರ ಕೊಡಬ್ಯಾಡ್ರಿ. ಯಾರಿಗೂ ಕೊಡಬ್ಯಾಡ್ರಿ."

ಆ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳು ತಡೆಯಲಾಗಲಿಲ್ಲ. ಅದೇ ವಾರ ಅವಳು ತೀರಿಕೊಂಡಳು. ತೋಟದಲ್ಲೇ ಮಣ್ಣು ಮಾಡಿದೆವು.

ಕೆಲವು ದಿನ ಕಳೆದ ಮೇಲೆ ಎದುರು ಮನೆಯಾಕೆ ನಮ್ಮ ಬಾಗಿಲಿಗೆ ಬಂದು ನಿಂತಳು. "ನಿಮ್ಮ ಹೊಲದ ಬಾಜೂಕ ಹಚ್ಚಿದ ಬದನಿ ಸಸಿ ಒಣಗಾಕ ಹತ್ಯಾವ್ರಿ. ನಿಮ್ಮ ಬೋರಿನ ನೀರು ಒಂದ್ ಹೊತ್ತು ಬಿಡ್ರಿ" ಎಂದಳು.

ನಮ್ಮಣ್ಣ ತಲೆ ಎತ್ತಲಿಲ್ಲ. "ಯಾರಿಗೂ ಕೊಡಬ್ಯಾಡ್ರಿ ಅಂತ ದೊಡ್ಡವ್ವ ಹೇಳಿ ಹೋಗ್ಯಾಳವಾ" ಎಂದ.

ಆಕೆ ಸೆರಗು ಹೊದ್ದು ತಿರುಗಿದಳು. ನೀರು ಕೇಳಿ ಬಂದವರು ನಮ್ಮ ಮನೆಯಿಂದ ಹಾಗೆ ಹೊರಟದ್ದನ್ನು ನಾನು ಕಂಡದ್ದು ಅದೇ ಮೊದಲು. ಎದ್ದು ಹೊಲಕ್ಕೆ ಹೋದೆ, ಬೋರು ಚಾಲೂ ಮಾಡಿ ಆಕೆಯ ಸಸಿಗೆ ನೀರು ತಿರುಗಿಸಿದೆ. ದೊಡ್ಡವ್ವನ ಮಾತು ನಾನು ಮೀರಿದ್ದು ಅದೊಂದೇ ಸಲ.