ನೀಲಿಗಟ್ಟಿದ ಹುಬ್ಬು

ಬಸವಕಲ್ಯಾಣದಲ್ಲಿರುವ ನನ್ನ ಹೊಲಿಗೆ ಅಂಗಡಿಗೆ ಮದುವೆ ನಿಶ್ಚಯವಾಗಿದ್ದ ಹುಡುಗಿಯೊಬ್ಬಳು ಬ್ಲೌಸಿನ ಅಳತೆ ಕೊಡಲು ಬಂದಿದ್ದಳು. ತೋಳಿನ ಸುತ್ತಳತೆ ತೆಗೆಯುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಅಕ್ಕಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಹುಬ್ಬಿಗೆ ಏನಾಗ್ಯದ? ನೀಲಿ ಕಾಣಾಕತ್ತಾವ.”

ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದೆ. ಉತ್ತರ ಕೊಡದಿರಲು ಅದೇ ನೆಪವಾಯಿತು. ಅವಳು ಹೋದಮೇಲೆ ಸ್ವಲ್ಪ ಹೊತ್ತು ಮಷಿನ್ ತುಳಿಯಲು ಮನಸ್ಸೇ ಬರಲಿಲ್ಲ. ಮನೆಯವರು ಯಾರೂ ಹೇಳಿರಲಿಲ್ಲವಷ್ಟೆ, ನನಗೆ ಗೊತ್ತಿರಲಿಲ್ಲವೆಂದಲ್ಲ.

ಮೊದಲಿಂದ ಹೇಳುತ್ತೇನೆ. ಎರಡನೆಯ ಹೆರಿಗೆಯಾಗಿ ಕೆಲವು ವರ್ಷಗಳ ನಂತರ ನನ್ನ ಹುಬ್ಬಿನ ಕೂದಲು ಉದುರತೊಡಗಿತು. ಕಿವಿಯ ಕಡೆಯ ತುದಿಗಳೇ ಮೊದಲು ಹೋದವು. ದಿನಾ ಬೆಳಿಗ್ಗೆ ಪೆನ್ಸಿಲ್‌ನಿಂದ ತೀಡಿಕೊಂಡು ನಮ್ಮೂರು ನಾರಾಯಣಪುರದಿಂದ ಅಂಗಡಿಗೆ ಬರುತ್ತಿದ್ದೆ. ಬೇಸಿಗೆಯ ಸೆಕೆಗೆ ಮಧ್ಯಾಹ್ನದ ಹೊತ್ತಿಗೆ ಅದು ಬೆವರಿನ ಜೊತೆ ಇಳಿದು ಕಣ್ಣಿನ ಸುತ್ತ ಮಸಿಯಾಗುತ್ತಿತ್ತು. ನಾದಿನಿಯ ಮದುವೆ ಹತ್ತಿರ ಬಂದಾಗ, ನಮ್ಮ ಅಂಗಡಿಯ ಓಣಿಯಲ್ಲೇ ಬ್ಯೂಟಿ ಪಾರ್ಲರ್ ನಡೆಸುವ ಹುಡುಗಿ ಒಂದು ಉಪಾಯ ಹೇಳಿದಳು. ಹೈದರಾಬಾದಿಗೆ ಹೋಗಿ ಹುಬ್ಬಿನ ಟ್ಯಾಟೂ ಹಾಕುವುದನ್ನು ಕಲಿತು ಬಂದಿದ್ದಳು. ಸಣ್ಣ ಸೂಜಿಯಿಂದ ಕೂದಲಿನ ಹಾಗೆ ಗೆರೆ ಎಳೆದು ಬಣ್ಣ ಇಳಿಸುತ್ತಾರೆ, ವರ್ಷ ಎರಡು ವರ್ಷಕ್ಕೆ ತಾನಾಗಿ ಹೋಗುತ್ತದೆ ಎಂದಳು.

ಮೊದಲ ವರ್ಷ ಚೆನ್ನಾಗಿಯೇ ಇತ್ತು. ನನ್ನ ಗಂಡನಿಗೆ ಗೊತ್ತೂ ಆಗಲಿಲ್ಲ. ಅಷ್ಟು ಸಹಜವಾಗಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ಗೆರೆಗಳು ಒಂದಕ್ಕೊಂದು ಕೂಡಿಕೊಂಡು ಪಟ್ಟಿಯಾದವು. ಕಂದು ಬಣ್ಣ ಹೋಗಿ ಎಡಗಡೆ ಬೂದಿ ಮಿಶ್ರಿತ ನೀಲಿ ಉಳಿಯಿತು. ಬಲಗಡೆಯ ತುದಿ ತಾಮ್ರದಂತೆ ಕೆಂಪಾಯಿತು. ಸೆರಗನ್ನು ಹಣೆಯ ತನಕ ಎಳೆದುಕೊಳ್ಳುವುದು ರೂಢಿಯಾಯಿತು. ಮಂದಿ ಮರ್ಯಾದಸ್ಥೆ ಎಂದುಕೊಂಡರೇನೋ.

ಆ ಮದುವೆ ಹುಡುಗಿ ಕೇಳಿದ ಮರುದಿನವೇ ಪಾರ್ಲರಿಗೆ ಹೋದೆ. “ಇದರ ಮ್ಯಾಲ ಚರ್ಮದ ಬಣ್ಣ ಹಾಕಿದರ ಮುಚ್ಚತದ ಅಕ್ಕಾ” ಎಂದಳು ಪಾರ್ಲರ್ ಹುಡುಗಿ. ಹಾಕಿದಳು. ಸೂಜಿಯ ಗಾಯ ಒಣಗಿ ಸಿಪ್ಪೆ ಉದುರಿದ ಮೇಲೆ ನೋಡಿದರೆ ನೀಲಿಯ ಮೇಲೆ ಒಣಗಿದ ಅರಿಶಿನ ಮೆತ್ತಿದ ಹಾಗಿತ್ತು. ಅವಳು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಅವಳ ಕಣ್ಣು ತುಂಬಿ ಬಂತು.

“ಇದು ನನ್ನ ಕೈ ಮೀರ್ಯದ ಅಕ್ಕಾ. ಇನ್ನೊಮ್ಮೆ ಸೂಜಿ ಇಟ್ಟರ ಮತ್ತ ಕೆಡಸತೀನಿ. ಹುಮನಾಬಾದದಾಗ ಚರ್ಮದ ಡಾಕ್ಟರ್ ಅದಾರ. ಅಲ್ಲಿ ಹೋಗ್ರಿ.”

ಅವಳ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ಗೊತ್ತಿಲ್ಲ ಎಂದು ಇಷ್ಟು ನೇರವಾಗಿ ಹೇಳುವವರನ್ನು ಬೈಯುವುದು ಹೇಗೆ?

ಹುಮನಾಬಾದಿಗೆ ಹೊರಟ ದಿನ ನಮ್ಮತ್ತೆ ಆಡುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ತಾನೂ ಸೀರೆ ಬದಲಿಸಿ ನಿಂತರು. ಜೀವಮಾನವೆಲ್ಲ ಆಡು ಕುರಿ ಕಾಯ್ದವರು. ಹಣೆಯ ಮೇಲೆ, ಮುಂಗೈ ಮೇಲೆ ಹಸಿರು ಹಚ್ಚೆ.

“ನೀವು ಯಾಕ ಅತ್ತಿ? ನಾ ಒಬ್ಬಾಕಿನೇ ಹೋಗಿ ಬರ್ತೀನಿ.”

“ಮುಖಕ್ಕ ಏನ್ ಮಾಡ್ತಾರೋ ಏನೋ. ನಾ ನೋಡತೀನಿ, ನಡಿ.”

ಬಸ್ಸು ರಾಜೇಶ್ವರ ಊರು ದಾಟಿತು. ಅತ್ತೆ ತಮ್ಮ ಮುಂಗೈ ಚಾಚಿದರು. “ನಂದೂ ಹಾಕಿದಾಗ ಕರೀ ಇತ್ತು. ಈಗ ಹಸರಾಗ್ಯದ. ನನಗ ಚಂದ ಕಾಣತದ. ನಿನಗ ನಿಂದು ಚಂದ ಕಾಣವಲ್ಲದು ಅಂದರ ತಗಸು. ಅದರಾಗ ನಾಚಕಿ ಏನದ?” ಅವರು ನನ್ನ ಹುಬ್ಬಿನ ಬಗ್ಗೆ ಬಾಯಿ ಬಿಟ್ಟದ್ದು ಅದೇ ಮೊದಲು.

ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೀಪವಿದ್ದ ಭೂತಗನ್ನಡಿಯಲ್ಲಿ ಹುಬ್ಬುಗಳನ್ನು ಬಹಳ ಹೊತ್ತು ನೋಡಿದರು. ನೀಲಿಯ ಮೇಲೆ ಏನು ಹಾಕಿಸಿಕೊಂಡಿರಿ ಎಂದು ಕೇಳಿದರು. ಹೇಳಿದೆ.

“ನೀಲಿ, ಬೂದಿ ಬಣ್ಣ ಲೇಸರಿಗೆ ಒಡೀತಾವ್ರಿ. ಆದರ ಚರ್ಮದ ಬಣ್ಣದಾಗ ಬಿಳೇದು ಕೂಡಿರ್ತದ. ಅದಕ ಲೇಸರ್ ಬಿದ್ದರ ಕಪ್ಪಾಗಬಹುದು. ಕಪ್ಪಾದರೂ ಅಂಜಬ್ಯಾಡ್ರಿ, ಅದನ್ನ ಮತ್ತ ತಗೀಬಹುದು. ಮೊದಲ ಸಾಸಿವಿಯಷ್ಟು ಜಾಗದಾಗ ಮಾಡಿ ನೋಡಮು.” ಇಷ್ಟು ಹೇಳಿ ಅವರು ಭೂತಗನ್ನಡಿ ಬದಿಗಿಟ್ಟರು. “ಹುಬ್ಬಿನ ಕೂದಲ ಯಾಕ ಹೋದವು? ಯಾರಿಗಾರ ತೋರಿಸೀರಿ?”

ಇಲ್ಲವೆಂದೆ. ದಣಿವಾಗುತ್ತದೆಯೇ, ಚಳಿ ಹೆಚ್ಚೇ, ಮೈ ಒಣಗುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಮನೆ, ಅಂಗಡಿ, ಮಕ್ಕಳು ಎಲ್ಲ ಇರುವ ಹೆಂಗಸಿಗೆ ದಣಿವಾಗದೆ ಇರುತ್ತದೆಯೇ ಎಂದುಕೊಂಡು, ಅಂಥದ್ದೇನಿಲ್ಲ ಎನ್ನುವುದರಲ್ಲಿದ್ದೆ. ನಮ್ಮತ್ತೆ ಮುಂದೆ ಬಂದರು.

“ಸುಳ್ಳ ಹೇಳಾಕತ್ತಾಳ್ರಿ ಡಾಕ್ಟರ್ ಬಾಯಿ. ಊಟ ಮಾಡ್ತ ಮಾಡ್ತನೇ ತೂಕಡಸತಾಳ. ಬ್ಯಾಸಗ್ಯಾಗ ಸುದ್ದಾ ಚಾದರ ಬೇಕು ಇಕಿಗಿ.”

ಡಾಕ್ಟರ್ ನಕ್ಕರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಮುಂದಿನ ಸಲ ಹೋದಾಗ ತಿಳಿಯಿತು, ನನ್ನ ಥೈರಾಯ್ಡ್ ಬಹಳ ಕಡಿಮೆಯಾಗಿತ್ತು. ಹುಬ್ಬಿನ ತುದಿ ಉದುರಿದ್ದಕ್ಕೆ ಅದೇ ಕಾರಣ ಇರಬೇಕು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ ತಗೊಳ್ಳಿ, ಕೂದಲು ಮತ್ತೆ ಬರಬಹುದು ಎಂದರು. ಖಂಡಿತ ಎನ್ನಲಿಲ್ಲ. ಬರಬಹುದು ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಮೊದಲ ದಿನ ಲೇಸರ್ ಹಾಕಿ ನೋಡಿದ್ದ ಆ ಸಾಸಿವೆಯಷ್ಟು ಜಾಗ, ಅವರು ಹೇಳಿದ ಹಾಗೆಯೇ, ಕಪ್ಪಾಗಿತ್ತು. ಮುಂಚೆ ಹೇಳಿರದಿದ್ದರೆ ಅಲ್ಲಿಂದಲೇ ಎದ್ದು ಬರುತ್ತಿದ್ದೆ. ಅವತ್ತು ಪೂರ್ತಿ ಹುಬ್ಬಿಗೆ ಲೇಸರ್ ಮಾಡುವಾಗ ಕಣ್ಣಿನ ಮೇಲೆ ಗಟ್ಟಿಯಾದ ಮುಚ್ಚಳಗಳನ್ನಿಟ್ಟು ಕತ್ತಲು ಮಾಡಿದರು. ಚಟಚಟ ಸದ್ದು, ಕೂದಲು ಸುಟ್ಟ ವಾಸನೆ, ರಬ್ಬರ್ ಎಳೆದು ಬಿಟ್ಟಂಥ ಹೊಡೆತ. ಆ ಸಲವೂ ಜೊತೆ ಬಂದಿದ್ದ ನಮ್ಮತ್ತೆಯ ಒರಟು ಕೈ ನನ್ನ ಪಾದ ಹಿಡಿದುಕೊಂಡಿತ್ತು. ಅವರಿಗೂ ದೊಡ್ಡ ಕಪ್ಪು ಕನ್ನಡಕ ತೊಡಿಸಿದ್ದರು. ಮುಗಿದು ಕಣ್ಣು ಬಿಟ್ಟಾಗ ಆ ಕನ್ನಡಕದಲ್ಲಿ ಅವರನ್ನು ಕಂಡು, ಉರಿಯ ನಡುವೆಯೂ ನಗು ಬಂತು.

ಮರಳುವಾಗ ಬಸ್ಸಿನಲ್ಲಿ ಅವರು ನನ್ನ ಹಣೆಗೆ ಬಿಸಿಲು ಬೀಳದಂತೆ ಸೆರಗು ಅಡ್ಡ ಹಿಡಿದು ಕೂತಿದ್ದರು.

“ಇಕಿ ಮೈಗಳ್ಳಿ ಅಂತ ನಾ ಮಂದಿ ಮುಂದ ಅಂದೀನಿ,” ಎಂದರು ಕಿಟಕಿಯ ಕಡೆ ನೋಡುತ್ತಾ. “ಬ್ಯಾನಿ ಅದ ಅಂತ ಯಾರಿಗಿ ಮಾಲೂಮ?”

“ನನಗೇ ಮಾಲೂಮ ಇರಲಿಲ್ಲ ಅತ್ತಿ.”

ಲೇಸರ್ ಒಂದೇ ಸಲಕ್ಕೆ ಮುಗಿಯುವುದಲ್ಲ. ಒಂದು ಸಲ ಮಾಡಿಸಿದರೆ ಗಾಯ ಮಾಗಿ ಬಣ್ಣ ಕರಗಲು ವಾರಗಟ್ಟಲೆ ಕಾಯಬೇಕು. ಆ ನಡುವಿನ ತಿಂಗಳುಗಳಲ್ಲಿ ನನ್ನ ಹುಬ್ಬು ಮೊದಲಿಗಿಂತ ವಿಚಿತ್ರವಾಗಿತ್ತು. ಒಂದು ಕಡೆ ಕಪ್ಪು ಚುಕ್ಕೆ, ಇನ್ನೊಂದು ಕಡೆ ಕಿತ್ತಳೆ ಛಾಯೆ. ಆದರೂ ಸೆರಗು ಎಳೆದುಕೊಳ್ಳುವುದನ್ನು ಬಿಟ್ಟೆ. ಯಾರಾದರೂ ದಿಟ್ಟಿಸಿದರೆ ನಾನೇ ಹೇಳಿಬಿಡುತ್ತಿದ್ದೆ, ಟ್ಯಾಟೂ ಕೆಟ್ಟಿತ್ತು, ತೆಗೆಸುತ್ತಿದ್ದೇನೆ ಎಂದು. ಹಾಗೆ ಹೇಳಿದರೆ ಎಷ್ಟೋ ಹೆಂಗಸರು ಅಳತೆ ಕೊಡುವುದನ್ನು ಮರೆತು ಕೂತು ಮಾತಾಡುತ್ತಿದ್ದರು. ಕೊಡಂಬಲದಿಂದ ಬಂದಿದ್ದ ಒಬ್ಬಾಕೆ ತಲೆಯ ಸೆರಗು ಸರಿಸಿ ತನ್ನ ಬೈತಲೆ ಅಗಲವಾದದ್ದನ್ನು ತೋರಿಸಿದಳು. ಗಂಡನಿಗೂ ತೋರಿಸಿಲ್ಲ ಎಂದಳು. ದವಾಖಾನೆಗೆ ಹೋಗುವ ದಾರಿ ಹೇಳಿ ಕಳಿಸಿದೆ.

ಗುಳಿಗೆ ಶುರುವಾದ ಮೇಲೆ ಮೊದಲು ಬದಲಾದದ್ದು ಹುಬ್ಬಲ್ಲ, ಮಧ್ಯಾಹ್ನಗಳು. ಊಟವಾದ ಮೇಲೂ ಕೂತು ಗುಂಡಿಯ ಕಾಜಾ ಹೊಲಿಯುವಷ್ಟು ಎಚ್ಚರ ಇರುತ್ತಿತ್ತು. ಮಕ್ಕಳ ಮೇಲೆ ರೇಗುವುದು ಕಡಿಮೆಯಾಯಿತು. ಕೂದಲು ಬಂದದ್ದು ಆಮೇಲೆ. ಎಳೆಯ ಆಡುಮರಿಯ ಮೈಮೇಲಿನ ನವಿರಿನ ಹಾಗೆ ತೆಳ್ಳಗೆ ಮೂಡಿತು. ಮೊದಲು ಕಂಡವರು ನನ್ನ ಗಂಡ. “ಮತ್ತೇನರ ಬರಕೊಂಡಿ ಏನು?” ಎಂದು ಬೆರಳಿನಿಂದ ಒರೆಸಿ ನೋಡಿದರು. ಬೆರಳಿಗೆ ಏನೂ ಹತ್ತಲಿಲ್ಲ.

ಈಗ ನೀಲಿ ಪೂರ್ತಿ ಹೋಗಿದೆ. ಎಡ ಹುಬ್ಬಿನ ಕೆಳಗೆ ಬೂದಿಯ ಒಂದು ನೆರಳು ಉಳಿದಿದೆ. ಇನ್ನೊಮ್ಮೆ ಮಾಡಿಸಿದರೆ ಅದೂ ತೆಳುವಾಗಬಹುದು, ಪೂರ್ತಿ ಹೋಗದೆಯೂ ಇರಬಹುದು ಎಂದಿದ್ದಾರೆ ಡಾಕ್ಟರ್. ಅವಸರವೇನಿಲ್ಲ ನನಗೆ.

ಪಾರ್ಲರ್ ಹುಡುಗಿ ಆ ಸೂಜಿಯ ಕೆಲಸ ಬಿಟ್ಟಿಲ್ಲ. ಆದರೆ ಹುಬ್ಬು ಉದುರಿದೆ ಎಂದು ಬಂದವರಿಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎನ್ನುತ್ತಾಳೆ. ಕೆಟ್ಟ ಟ್ಯಾಟೂ ಮುಚ್ಚಿಕೊಡು ಎಂದವರಿಗೆ ಆಗುವುದಿಲ್ಲ ಎನ್ನುತ್ತಾಳೆ. ಹೋದ ವಾರ ಅವಳ ಹತ್ತಿರ ಹುಬ್ಬು ತಿದ್ದಿಸಲು ಥ್ರೆಡಿಂಗ್‌ಗೆ ಹೋಗಿ ಕೂತೆ, ಎಷ್ಟೋ ವರ್ಷಗಳ ನಂತರ. ಅವಳು ದಾರವನ್ನು ಹಲ್ಲಲ್ಲಿ ಕಚ್ಚಿ ಬಾಗಿದವಳು, ಹಾಗೆಯೇ ನಿಂತುಬಿಟ್ಟಳು. ಆಮೇಲೆ ದಾರ ಬಿಟ್ಟು ಹೆಬ್ಬೆರಳಿನಿಂದ ಆ ಹೊಸ ಕೂದಲನ್ನು ಮೆಲ್ಲಗೆ ಸವರಿದಳು.

“ಇದರಾಗ ಏನ್ ತಗೀಲಿ ಅಕ್ಕಾ? ಏಳ್ರಿ, ಇನ್ನಾ ಬೆಳೀಲಿ.”